ತಿಂಗಳ ದಿನಸಿ ಖರ್ಚಿಗೆ ಹಿಡಿತ

ಮುಂಬಯಿಯಲ್ಲಿ ಸಂಸಾರ ನಡೆಸುವವರು ದಿನಸಿಯ ಖರ್ಚನ್ನು ತಗ್ಗಿಸಬೇಕೆಂದರೆ, ಮೊದಲು ಒಂದು ತಿಂಗಳು ಹಾಲು, ತರಕಾರಿ, ಬೇಳೆಕಾಳು, ಎಣ್ಣೆಗಳಿಗೆ ಎಷ್ಟೆಷ್ಟು ಹೋಗುತ್ತದೆ ಎಂಬುದನ್ನು ತಪ್ಪದೆ ಬರೆದಿಡಬೇಕು. ಮಾಟುಂಗಾದ ಅಂಗಡಿಗಳಲ್ಲಿ ಬ್ಯಾಡಗಿ ಮೆಣಸಿನಕಾಯಿ, ಕುಚ್ಚಲಕ್ಕಿ ಕಂಡಾಗ ಕೈ ತಡೆಯುವುದು ಕಷ್ಟ. ಅದಕ್ಕೂ ಒಂದು ಮೊತ್ತವನ್ನು ಮೊದಲೇ ಎತ್ತಿಡಿ. ಭಾನುವಾರ ಡಬ್ಬಿಗಳನ್ನು ನೋಡಿ, ಮನೆಯಲ್ಲಿ ಇರುವುದರ ಮೇಲೆಯೇ ವಾರದ ಅಡುಗೆಯನ್ನು ನಿಶ್ಚಯಿಸಿ, ಕೊರತೆಯಾದುದನ್ನು ಮಾತ್ರ ಚೀಟಿಯಲ್ಲಿ ಬರೆಯಿರಿ. ಸೊಪ್ಪನ್ನು ಮೊದಲ 2 ದಿನಗಳಲ್ಲಿ, ಬೀನ್ಸ್, ಬೆಂಡೆಗಳನ್ನು ವಾರದ ನಡುವೆ, ಕುಂಬಳ, ಸುವರ್ಣಗೆಡ್ಡೆಗಳನ್ನು ಕೊನೆಗೆ ಬಳಸಿದರೆ ತರಕಾರಿ ಕೊಳೆಯುವುದಿಲ್ಲ; ನನ್ನ ಅನುಭವದಲ್ಲಿ ಹೆಚ್ಚು ಹಣ ಉಳಿಯುವುದು ಇಲ್ಲಿಯೇ. ಮಳೆಗಾಲದಲ್ಲಿ ಸೊಪ್ಪು ದುಬಾರಿಯಾದಾಗ ಹೆಸರುಕಾಳನ್ನು ನೆನೆಸಿಡಿ: 1 ಲೋಟ ಕಾಳು ಮೊಳಕೆ ಬಂದಾಗ ಎರಡರಷ್ಟಾಗಿ ನಾಲ್ವರ ಪಲ್ಯಕ್ಕೆ ಸಾಕಾಗುತ್ತದೆ.