ಬೋಟು ಹತ್ತಿದ ಬಿಪಿ ಮಾತ್ರೆ: ನನ್ನ ಅನುಭವ

ಮೀನುಗಾರಿಕೆ ಬೋಟಿನವರು ದಿನಾ ಬಿಪಿ ಮಾತ್ರೆ ನುಂಗುವವರಲ್ಲ, ಅವರ ಬೆನ್ನು ಹತ್ತಿ ಫಲವಿಲ್ಲ ಎಂದು ನಮ್ಮ ಇಲಾಖೆಯ ಮೇಲಿನವರೊಬ್ಬರು ಸಭೆಯಲ್ಲಿ ಎಲ್ಲರೆದುರು ಹೇಳಿದ್ದರು. ಈಗ ನಮ್ಮ ಆರೋಗ್ಯ ಉಪಕೇಂದ್ರದ ಬಿಪಿ ರಿಜಿಸ್ಟರಿನಲ್ಲಿ ಬೋಟಿನವರೇ ಎಪ್ಪತ್ತರ ಹತ್ತಿರ ಇದ್ದಾರೆ. ಮೂವರಲ್ಲಿ ಇಬ್ಬರ ರೀಡಿಂಗ್ 140/90ರ ಒಳಗಿದೆ. ಮೊದಲು ಮೂವರಲ್ಲಿ ಒಬ್ಬರದೂ ಇರುತ್ತಿರಲಿಲ್ಲ. ಕಾರವಾರದ ಕಡಲಂಚಿನಲ್ಲಿ ನರ್ಸ್ ಆದ ನಾನೇ ಯೋಚಿಸಿ ಕಟ್ಟಿದ ಕಾರ್ಯಕ್ರಮ ಇದು. ಹಾಗೆಂದು ಹೇಳಿಕೊಳ್ಳಲು ನನಗೆ ಹೆಮ್ಮೆಯಿದೆ.

ಮೂವತ್ತು ದಾಟಿದವರನ್ನು ಶಿಬಿರಕ್ಕೆ ಕರೆದು ಬಿಪಿ ತಪಾಸಣೆ ಮಾಡುವುದು ನಮ್ಮ ಕೆಲಸ. ತೊಡಕು ಇದ್ದದ್ದು ಹೊತ್ತಿನಲ್ಲಿ. ಶಿಬಿರ ಶುರುವಾಗುವುದು ಹತ್ತು ಗಂಟೆಗೆ. ಅಷ್ಟರಲ್ಲಿ ಮೀನು ಇಳಿಸಿ ಬಂದವರು ಮಲಗಿರುತ್ತಾರೆ, ಬುಟ್ಟಿ ಹೊತ್ತ ಹೆಂಗಸರು ಪೇಟೆ ಸೇರಿರುತ್ತಾರೆ. ಶಾಮಿಯಾನ, ಬ್ಯಾನರ್, ಚಹಾ ಎಂದು ಮೂರು ಸಾವಿರದಷ್ಟು ಸುರಿದ ಶಿಬಿರಕ್ಕೆ ಬಂದವರಲ್ಲಿ ಹೆಚ್ಚಿನವರು ಆಗಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದ ಅಜ್ಜಿಯರು. ಆಮೇಲೆ ಬೆಳಗಿನ ಐದೂವರೆಗೆ ಬೋಟು ನಿಲ್ಲುವ ಧಕ್ಕೆಗೇ ಹೋಗತೊಡಗಿದೆ. ಜನ ಸಿಕ್ಕರು, ರೀಡಿಂಗ್ ಮಾತ್ರ ನಂಬುವಂತಿರಲಿಲ್ಲ. ಬಂಗುಡೆ ಬುಟ್ಟಿ ಎತ್ತಿ ಇಳಿಸಿದ ಮೈ, ಬಾಯಲ್ಲಿ ತಂಬಾಕು. ಯಾರನ್ನು ನೋಡಿದರೂ 160ರ ಮೇಲೆ. ಕೊನೆಗೆ ಬಲೆ ಸರಿಪಡಿಸುವ ಜಾಗ ನೋಡಿಕೊಂಡೆ. ಅಲ್ಲಿ ಅವರು ಹೇಗೂ ಕೂತೇ ಇರುತ್ತಾರೆ, ಕೈಗೆ ಭಾರದ ಕೆಲಸವಿಲ್ಲ. ಅರ್ಧ ಗಂಟೆ ತಂಬಾಕು ಬಿಡಿಸುವುದಷ್ಟೇ ಕಷ್ಟ.

ಇನ್ನೊಂದು ಸಂಗತಿ ಯಾರೂ ನನಗೆ ಹೇಳಿಕೊಟ್ಟದ್ದಲ್ಲ. ಬಲೆ ಎಳೆಯುವವರ ತೋಳು ಅಳೆದು ನೋಡಿ. ಹಲವರದು 32 ಸೆಂಟಿಮೀಟರ್ ದಾಟುತ್ತದೆ. ಇಲಾಖೆಯಿಂದ ಬಂದ ಮಾಮೂಲಿ ಕಫ್ (ಬಿಪಿ ನೋಡುವಾಗ ತೋಳಿಗೆ ಸುತ್ತುವ ಪಟ್ಟಿ) ಅಲ್ಲಿ ಸುಳ್ಳು ಹೇಳುತ್ತದೆ, ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಸ್ವಂತ ದುಡ್ಡು, ಆರುನೂರೋ ಏಳುನೂರೋ ಕೊಟ್ಟು ದೊಡ್ಡ ಕಫ್ ತಂದೆ. ಐದಾರು ಮಂದಿ ಅಂದೇ ರೋಗಿಗಳ ಪಟ್ಟಿಯಿಂದ ಹೊರಬಂದರು. ಆ ದುಡ್ಡು ನನಗೆ ಇವತ್ತಿಗೂ ವಾಪಸ್ ಬಂದಿಲ್ಲ, ಆದರೂ ಅದಕ್ಕಿಂತ ಒಳ್ಳೆಯ ಖರ್ಚು ನಾನು ಮಾಡಿಲ್ಲ.

ಮಾತ್ರೆಯದು ಬೇರೆಯೇ ಕಥೆ. ಆಳಕಡಲಿಗೆ ಹೋದ ಟ್ರಾಲರ್ ವಾರ, ಹತ್ತು ದಿನ ಹೊರಗೇ ಇರುತ್ತದೆ. ಅಮ್ಲೋಡಿಪಿನ್ ಎಂಬ ಬಿಪಿ ಮಾತ್ರೆಯ ಪಟ್ಟಿ ಮನೆಯ ಗೂಡಿನಲ್ಲಿ. ಮೊಬೈಲಿನಲ್ಲಿ ನೆನಪಿಸೋಣವೆಂದರೆ ನಡುಗಡಲಲ್ಲಿ ಸಿಗ್ನಲ್ ಇಲ್ಲ. ಹೆಂಡತಿಯರಿಗೆ ಹೇಳಿ ಕಳಿಸಿದ್ದೂ ಎರಡು ವಾರಕ್ಕೆ ನಿಂತಿತು. ಹಾಗಾಗಿ ಮಾತ್ರೆಯನ್ನು ಬೋಟಿನಲ್ಲೇ ಇಡಿಸಿದೆ. ತಿರುಪಿನ ಮುಚ್ಚಳದ ಡಬ್ಬಿ, ಒಂದಕ್ಕೆ ಎಂಬತ್ತು ರೂಪಾಯಿ ಆಸುಪಾಸು, ಸ್ಟಿಯರಿಂಗ್ ಪಕ್ಕದಲ್ಲಿ, ಬೋಟು ನಡೆಸುವ ತಾಂಡೇಲನ ವಶಕ್ಕೆ. ಬೆಳಗಿನ ಗಂಜಿಯ ಜೊತೆ ಅವನೇ ಹಂಚುತ್ತಾನೆ. ಹೆಸರು ಬರೆದರೆ ಹುಡುಗರು ನಾಚುತ್ತಿದ್ದರು, ಅದಕ್ಕೆ ಪ್ರತಿ ಪೊಟ್ಟಣಕ್ಕೂ ಒಂದು ಗುರುತು. ಆ ಗುರುತು ಏನೆಂದು ಇಲ್ಲಿ ಬರೆದರೆ ಗುಟ್ಟು ಉಳಿಯದು. ತಾಂಡೇಲರನ್ನು ಒಪ್ಪಿಸಿದ್ದು ಹೇಗೆಂಬುದನ್ನೂ ಬಿಡುತ್ತೇನೆ. ಬಂದು ನೋಡುವವರಿಗೆ ತೋರಿಸುತ್ತೇನೆ.

ಮಾತ್ರೆ ನುಂಗುವವರು ಹೆಚ್ಚಿದಂತೆ ದಾಸ್ತಾನು ಖಾಲಿ. ಹೋದ ವರ್ಷದ ಖರ್ಚು ನೋಡಿ ಕೊಡುವ ಇಂಡೆಂಟ್ (ಔಷಧಿ ಬೇಡಿಕೆ ಪಟ್ಟಿ) ಈ ವರ್ಷದ ಜನರಿಗೆ ಸಾಲುವುದಾದರೂ ಹೇಗೆ? ಜನೌಷಧಿ ಅಂಗಡಿಯಲ್ಲಿ ಹತ್ತು ಮಾತ್ರೆಗೆ ಐದಾರು ರೂಪಾಯಿ ಎಂದು ತಿಳಿದಾಗ ಬೋಟ್ ಮಾಲೀಕರೇ ಆ ಕೊರತೆ ತುಂಬಿದರು. ಡಬ್ಬಿಯ ಬಿಲ್ಲಿಗೆ ಮಾತ್ರ ಕಚೇರಿಯೊಂದರಲ್ಲಿ ಎರಡು ಬಾರಿ ಆಕ್ಷೇಪಣೆ ಬಂತು: ಪ್ಲಾಸ್ಟಿಕ್ ಡಬ್ಬಿ ವೈದ್ಯಕೀಯ ಸಾಮಗ್ರಿ ಅಲ್ಲವಂತೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ. ನನ್ನ ಕಾರ್ಯಕ್ರಮದ ವರ್ಷ ಶುರುವಾಗುವುದು ಏಪ್ರಿಲ್‌ನಲ್ಲಲ್ಲ, ಆ 61 ದಿನಗಳಲ್ಲಿ. ಗಂಡಸರು ಮನೆಯಲ್ಲಿರುತ್ತಾರೆ, ಸಕ್ಕರೆ ಪರೀಕ್ಷೆ, ಮೂತ್ರ ಪರೀಕ್ಷೆ, ಇ-ಸಂಜೀವಿನಿ ಎಂಬ ಆನ್‌ಲೈನ್ ಸೇವೆಯಲ್ಲಿ ವೈದ್ಯರಿಂದ ಡೋಸ್ ಬದಲಾವಣೆ ಎಲ್ಲವೂ ಆಗಲೇ. ಬೋಟಿನಲ್ಲಿ ದುಡಿಯುವ ಒಡಿಶಾ, ಜಾರ್ಖಂಡ್‌ನ ಹುಡುಗರು ಊರಿಗೆ ಹೊರಡುವ ಮೊದಲೇ ವೈದ್ಯರ ಸಹಿ ಹಾಕಿಸಿ ಎರಡು ತಿಂಗಳ ಮಾತ್ರೆ, ಹಿಂದಿಯಲ್ಲಿ ಬರೆದ ಚೀಟಿ ಕೊಡುತ್ತೇನೆ. ಕಳೆದ ಸಲ ಮರಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಖಾಲಿ ಪಟ್ಟಿ ತಂದು ತೋರಿಸಿದರು.

ಮಳೆಗಾಲದಲ್ಲಿ ಉಪ್ಪಿನ ಪ್ರಯೋಗವೂ ಒಂದು ನಡೆಯಿತು. ತಲೆಗೆ ದಿನಕ್ಕೆ ಉಪ್ಪು ಹೆಚ್ಚೆಂದರೆ 5 ಗ್ರಾಂ ಎಂದರೆ ಐದು ಜನರ ಮನೆಗೆ ತಿಂಗಳಿಗೆ ಮುಕ್ಕಾಲು ಕಿಲೋ. ಪೊಟ್ಟಣದ ಲೆಕ್ಕ ಹೇಗೋ ಸಿಗುತ್ತದೆ, ಒಣಮೀನಿನೊಳಗಿನ ಉಪ್ಪನ್ನು ಯಾರೂ ಎಣಿಸುವುದಿಲ್ಲ. ಎರಡು ನೀರಿನಲ್ಲಿ ನೆನೆಸಿ ಸುಡಲು ನಾಲ್ಕು ಮನೆಗೆ ಹೇಳಿದೆ. ರುಚಿ ಹೋಯಿತೆಂದು ಮೂವರು ಬಿಟ್ಟರು. ನಾಲ್ಕನೆಯವರು ನೆನೆಸಿದ ಮೇಲೆ ಹುಳಿ, ಮೆಣಸು ಸವರಿ ಸುಡುತ್ತಾರೆ. ನಾನೂ ತಿಂದಿದ್ದೇನೆ, ಚೆನ್ನಾಗಿದೆ. ಈ ಮಳೆಗಾಲಕ್ಕೆ ಅವರನ್ನೇ ಉಳಿದ ಮನೆಗಳಿಗೆ ಕಳಿಸುತ್ತೇನೆ.

ಮೀನು ಮಾರುವ ಹೆಂಗಸರು ಇನ್ನೂ ಪೂರ್ತಿ ಸಿಕ್ಕಿಲ್ಲ. ವ್ಯಾಪಾರ ಮುಗಿಸಿ ಮಧ್ಯಾಹ್ನ ಎರಡರ ಸುಮಾರಿಗೆ ಬಸ್ಸಿಗೆ ಕಾಯುತ್ತಾ ಕೂರುತ್ತಾರೆ. ಆ ಇಪ್ಪತ್ತು ನಿಮಿಷ ನನಗೆ ಸಾಕು. ಮುಂದಿನ ವಾರದಿಂದ ಯಂತ್ರ ಹಿಡಿದು ಬಸ್ ನಿಲ್ದಾಣದಲ್ಲಿರುತ್ತೇನೆ.