ಗ್ರ್ಯಾಂಡ್ ವಿಟಾರಾ ಆಲ್‌ಗ್ರಿಪ್: ಮೈಲೇಜ್ ಎಲ್ಲಿ ಸೋರುತ್ತದೆ, ಎಲ್ಲಿ ಉಳಿಸಬಹುದು

ಮಾರುತಿ ಸುಜುಕಿಯ ಗ್ರ್ಯಾಂಡ್ ವಿಟಾರಾ 2022ರಲ್ಲಿ ಬಂದಾಗ ಆಲ್‌ಗ್ರಿಪ್, ಅಂದರೆ ನಾಲ್ಕೂ ಚಕ್ರಕ್ಕೆ ಬಲ ಕೊಡಬಲ್ಲ ಆಲ್‌ವೀಲ್ ಡ್ರೈವ್ ಇರುವ ಮ್ಯಾನ್ಯುಯಲ್‌ಗೆ ಹೇಳಿದ್ದ ಮೈಲೇಜ್ ಲೀಟರ್‌ಗೆ 19.38 ಕಿ.ಮೀ. ಅದೇ 1,462 ಸಿಸಿ ಎಂಜಿನ್, ಅದೇ ಐದು ಗೇರ್, ಮುಂದಿನ ಚಕ್ರ ಮಾತ್ರ ಎಳೆಯುವ ಗಾಡಿಗೆ 21.11. ನೂರು ಕಿ.ಮೀ.ಗೆ ಲೆಕ್ಕ ಹಾಕಿದರೆ ಅಂತರ ಸುಮಾರು 420 ಮಿಲಿಲೀಟರ್. ತಿಂಗಳಿಗೆ ಸಾವಿರ ಕಿ.ಮೀ. ಓಡಿಸುವವರಿಗೆ ನಾಲ್ಕು ಲೀಟರ್ ಚಿಲ್ಲರೆ. ಬೆಂಗಳೂರಿನಲ್ಲಿ ಹನ್ನೊಂದು, ಹನ್ನೆರಡಕ್ಕೆ ಇಳಿದಾಗ ಎಲ್ಲರ ಬೈಗುಳ ಬೀಳುವುದು ಆಲ್‌ವೀಲ್ ಡ್ರೈವ್ ಮೇಲೆ. ಅದರ ಪಾಲು ಅಷ್ಟು ದೊಡ್ಡದಲ್ಲ.

ಯಾವುದನ್ನು ಸರಿಮಾಡುವ ಮೊದಲೂ ಅಳತೆ ಸರಿಯಿರಬೇಕು. ಮೀಟರ್ ಪಕ್ಕದ ಪರದೆ ತೋರಿಸುವ ಸಂಖ್ಯೆ ಲೆಕ್ಕಾಚಾರದ ಅಂದಾಜು, ಬಂಕ್‌ನಲ್ಲಿ ತುಂಬಿಸಿದ ಪೆಟ್ರೋಲ್‌ನ ಅಳತೆಯಲ್ಲ. ನಾನು ಒಂದೇ ಬಂಕ್, ಸಾಧ್ಯವಾದರೆ ಅದೇ ಪಂಪ್, ನಾಜಲ್ ಮೊದಲ ಸಲ ತಾನಾಗಿ ಕಟ್ ಆದಲ್ಲಿಗೇ ನಿಲ್ಲಿಸಿ ಟ್ರಿಪ್ ಸೊನ್ನೆ ಮಾಡುತ್ತೇನೆ. ಮುಂದಿನ ಫುಲ್ ಟ್ಯಾಂಕ್‌ಗೆ ಓಡಿದ ಕಿ.ಮೀ.ಯನ್ನು ಹಿಡಿದ ಲೀಟರ್‌ನಿಂದ ಭಾಗಿಸಬೇಕು. ಟ್ಯಾಂಕ್ 45 ಲೀಟರಿನದು. ಹತ್ತು ಲೀಟರ್ ಹಾಕಿಸಿ ಲೆಕ್ಕ ಹಾಕಿದರೆ, ಕಟ್ ಆಗುವ ಜಾಗ ಒಂದು ಲೀಟರ್ ಹೆಚ್ಚುಕಡಿಮೆಯಾದರೂ ಶೇಕಡ 10 ತಪ್ಪು ಬರುತ್ತದೆ. ಕನಿಷ್ಠ 30 ಲೀಟರ್ ಖಾಲಿಯಾಗಿರಲಿ, ಮೂರ್ನಾಲ್ಕು ಟ್ಯಾಂಕ್‌ಗಳ ಸರಾಸರಿ ನೋಡಿ. ಬಾಯಿಮಟ್ಟ ತುಂಬಿಸುವ ಅಭ್ಯಾಸ ಬೇಡ, ಪೆಟ್ರೋಲ್ ಆವಿ ಹಿಡಿಯುವ ಕ್ಯಾನಿಸ್ಟರ್‌ಗೆ ದ್ರವವೇ ನುಗ್ಗಿ ಅದು ಹಾಳಾಗುತ್ತದೆ.

ಬಂಕ್‌ನಲ್ಲಿ ಈಗ ಸಿಗುವ ಇ20ಯನ್ನೂ (ಶೇಕಡ 20 ಎಥನಾಲ್ ಬೆರೆಸಿದ ಪೆಟ್ರೋಲ್) ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಪಾಲು ಶಕ್ತಿ ಕಡಿಮೆ. ಶೇಕಡ 20 ಬೆರೆಸಿದಾಗ ಶುದ್ಧ ಪೆಟ್ರೋಲ್‌ಗೆ ಹೋಲಿಸಿದರೆ ಶಕ್ತಿಯಲ್ಲಿ ಶೇಕಡ 6ರಿಂದ 7ರಷ್ಟು ಹೋಯಿತು. ಹಳೆಯ ಮೈಲೇಜ್ ಪುಸ್ತಕ ಇಟ್ಟುಕೊಂಡವರು ಇದನ್ನು ಕಳೆದೇ ಹೋಲಿಸಬೇಕು. ಇಲ್ಲವಾದರೆ ಗಾಡಿಯಲ್ಲಿಲ್ಲದ ದೋಷ ಹುಡುಕುತ್ತಾ ಕೂರುತ್ತೀರಿ.

ಇನ್ನು ಆಲ್‌ವೀಲ್ ಡ್ರೈವ್ ತಿನ್ನುವ ಪೆಟ್ರೋಲ್. ಸೆಂಟರ್ ಕನ್ಸೋಲ್‌ನ ಗುಂಡಿಯಲ್ಲಿ ಆಟೋ, ಸ್ಪೋರ್ಟ್, ಸ್ನೋ, ಲಾಕ್ ಎಂದು ನಾಲ್ಕು ಮೋಡ್. ಆಟೋದಲ್ಲಿ ಮುಂದಿನ ಚಕ್ರ ಜಾರುವವರೆಗೂ ಬಲ ಹೆಚ್ಚುಕಡಿಮೆ ಎಲ್ಲವೂ ಮುಂದಕ್ಕೇ. ಆದರೂ ಹಿಂದಕ್ಕೆ ಬಲ ಒಯ್ಯುವ ಕೆಳಗಿನ ಉದ್ದನೆಯ ಪ್ರೊಪೆಲರ್ ಶಾಫ್ಟ್, ಅದನ್ನು ಎರಡು ಚಕ್ರಗಳಿಗೆ ಹಂಚುವ ಹಿಂದಿನ ಡಿಫರೆನ್ಷಿಯಲ್ ಸದಾ ತಿರುಗುತ್ತಲೇ ಇರುತ್ತವೆ, ಗೇರ್ ಆಯಿಲ್ ಕಡೆಯುತ್ತಲೇ ಇರುತ್ತವೆ. ಆ ಎಳೆತವೂ ಆ ಕಬ್ಬಿಣದ ತೂಕವೂ ಸೇರಿ ಮೇಲಿನ 420 ಮಿಲಿಲೀಟರ್. ಅದನ್ನು ತಪ್ಪಿಸಲಾಗದು. ತಪ್ಪಿಸಬಹುದಾದ್ದು ಸ್ಪೋರ್ಟ್ ಮೋಡ್: ಅದರಲ್ಲಿ ಆಕ್ಸಿಲರೇಟರ್ ಚುರುಕಾಗಿ, ಕಾಲು ತುಸು ಒತ್ತಿದರೂ ಥ್ರಾಟಲ್ ಹೆಚ್ಚು ತೆರೆಯುತ್ತದೆ. ಲಾಕ್ ಇರುವುದು ಕೆಸರು, ಮರಳು ದಾಟಲು. ದಾಟಿದ ಮೇಲೆ ಆಟೋಗೆ ತನ್ನಿ.

ಟೈರ್ ಬಗ್ಗೆ ಕಟ್ಟುನಿಟ್ಟಾಗಿರಿ. ಎರಡು ಹೊಸದು, ಎರಡು ಸವೆದದ್ದು ಹಾಕಿದರೆ ಸುತ್ತಳತೆ ಬೇರೆಯಾಗಿ ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ. ಜಾರುತ್ತಿದೆ ಎಂದುಕೊಂಡು ಹಿಂದಿನ ಡಿಫರೆನ್ಷಿಯಲ್ ಮುಂದಿರುವ, ಹಿಂದಿನ ಚಕ್ರಕ್ಕೆ ಬಲ ಜೋಡಿಸುವ ಕಪ್ಲಿಂಗ್ ಮತ್ತೆ ಮತ್ತೆ ಕಚ್ಚುತ್ತದೆ, ಬಿಸಿಯಾಗುತ್ತದೆ. ಮೈಲೇಜ್ ಹೋಗುವುದು ಚಿಕ್ಕ ನಷ್ಟ, ಕಪ್ಲಿಂಗ್ ಹೋದರೆ ದೊಡ್ಡ ಖರ್ಚು. ಹತ್ತು ಸಾವಿರ ಕಿ.ಮೀ.ಗೊಮ್ಮೆ ಟೈರ್ ರೊಟೇಷನ್ ಮಾಡಿಸಿ, ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಗಾಳಿ ಬೆಳಿಗ್ಗೆ, ಗಾಡಿ ಓಡುವ ಮೊದಲೇ ನೋಡಬೇಕು. ಸುಮಾರು 5-6 ಡಿಗ್ರಿ ತಂಪಾದರೆ ಒಂದು ಪಿಎಸ್‌ಐ ಇಳಿಯುತ್ತದೆ; ಏಪ್ರಿಲ್ ಮಧ್ಯಾಹ್ನ ಬೆಂಗಳೂರಿನಲ್ಲಿ ಬಿಸಿ ಟೈರ್‌ಗೆ ಹಾಕಿಸಿದ ಗಾಳಿ ಮೂಡಿಗೆರೆಯ ಮುಂಜಾವಿಗೆ ಸಾಲುವುದಿಲ್ಲ. ಸೈಜ್ ಬದಲಿಸಿದವರಿಗೆ ಇನ್ನೊಂದು ಎಚ್ಚರಿಕೆ: 215/60 ಆರ್17 ತೆಗೆದು 225/60 ಹಾಕಿದರೆ ಸುತ್ತಳತೆ ಶೇಕಡ 1.7 ಹೆಚ್ಚು, ಓಡೊಮೀಟರ್ ಅಷ್ಟೇ ಕಡಿಮೆ ತೋರಿಸುತ್ತದೆ. ಮೈಲೇಜ್ ಲೆಕ್ಕದಲ್ಲಿ ಅದನ್ನು ಸೇರಿಸಿಕೊಳ್ಳಿ.

ಹೈವೇಯಲ್ಲಿ ಎಲ್ಲಕ್ಕಿಂತ ಹೆಚ್ಚು ತಿನ್ನುವುದು ಗಾಳಿಯ ಎದುರೊತ್ತು. ಅದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: 80ರಿಂದ 110ಕ್ಕೆ ಹೋದರೆ ಸುಮಾರು 1.9 ಪಟ್ಟು. ಈ ಮ್ಯಾನ್ಯುಯಲ್‌ಗೆ ಆರನೇ ಗೇರ್ ಇಲ್ಲ, ಎಂಜಿನ್ನೂ ಜೊತೆಗೇ ಕಿರುಚಲು ಶುರುಮಾಡುತ್ತದೆ. ನೆಲಮಂಗಲ ದಾಟಿ ಹಾಸನದವರೆಗೆ 80-85ರಲ್ಲಿ ಹೋದರೆ ನನಗೆ 17-18 ಸಿಗುತ್ತದೆ, 110ರಲ್ಲಿ 14 ಚಿಲ್ಲರೆ. ಬೇರೆ ಯಾವ ಉಪಾಯವೂ ಇಷ್ಟು ಕೊಡುವುದಿಲ್ಲ. ಖಾಲಿ ರೂಫ್ ಕ್ಯಾರಿಯರ್ ಬಿಚ್ಚಿಡಿ.

ಘಾಟಿ ಬೇರೆಯದೇ ಲೆಕ್ಕ. ಜನ, ಸಾಮಾನು ಸೇರಿ ಒಂದೂವರೆ ಟನ್ ಗಾಡಿಯನ್ನು 800 ಮೀಟರ್ ಮೇಲಕ್ಕೆ ಎತ್ತಲಿಕ್ಕೇ, ಎಂಜಿನ್ ದಕ್ಷತೆ ಶೇಕಡ 30 ಎಂದು ಹಿಡಿದರೆ, ಒಂದೂಕಾಲು ಲೀಟರ್ ಹತ್ತಿರ ಬೇಕು. ಶಿರಾಡಿ, ಚಾರ್ಮಾಡಿ ಹತ್ತುವಾಗ 10-11 ಕಂಡರೆ ಗಾಬರಿಯಾಗಬೇಡಿ. ಹತ್ತುವಾಗ ಮೈಲೇಜ್ ಆಸೆಗೆ ಮೂರನೇ ಗೇರ್‌ನಲ್ಲಿ 1,300 ಆರ್‌ಪಿಎಂಗೆ ಎಂಜಿನ್ ಗುಡುಗಿಸುವುದು ತಪ್ಪು. ಈ ಎಂಜಿನ್ನಿನ ಪೂರ್ತಿ ಟಾರ್ಕ್ 136.8 ಎನ್‌ಎಂ ಬರುವುದೇ 4,400ಕ್ಕೆ. ಕೆಳಗೆ ಒತ್ತಿ ಹಿಡಿದರೆ ಥ್ರಾಟಲ್ ಪೂರ್ತಿ ತೆರೆದು ಪೆಟ್ರೋಲ್ ಮಿಶ್ರಣ ಗಟ್ಟಿಯಾಗುತ್ತದೆ, ನಾಕಿಂಗ್ (ಎಂಜಿನ್ ಒಳಗಿನ ಬಡಿತ) ತಡೆಯಲು ಇಗ್ನಿಷನ್ ಕಿಡಿ ತುಸು ತಡವಾಗುತ್ತದೆ. ಎರಡನೇ ಗೇರ್‌ನಲ್ಲಿ 2,500-3,000 ಇಟ್ಟು ಅರ್ಧ ಕಾಲಿನಲ್ಲಿ ಹತ್ತಿಸಿ.

ಇಳಿಯುವಾಗ ನ್ಯೂಟ್ರಲ್ ಬೇಡವೇ ಬೇಡ. ಗೇರ್‌ನಲ್ಲಿದ್ದು ಕಾಲು ತೆಗೆದರೆ ಇಂಜೆಕ್ಟರ್ ಪೆಟ್ರೋಲನ್ನೇ ನಿಲ್ಲಿಸುತ್ತದೆ, ಮೈಲ್ಡ್ ಹೈಬ್ರಿಡ್‌ನ (ಎಂಜಿನ್‌ಗೆ ಚಿಕ್ಕ ವಿದ್ಯುತ್ ಮೋಟರ್ ನೆರವಾಗುವ ವ್ಯವಸ್ಥೆ) ಜನರೇಟರ್ ಆಗ ಲಿಥಿಯಂ ಬ್ಯಾಟರಿ ತುಂಬಿಸಿಕೊಳ್ಳುತ್ತದೆ. ನ್ಯೂಟ್ರಲ್‌ನಲ್ಲಿ ಐಡಲ್ ನಡೆಸಲು ಪೆಟ್ರೋಲ್ ಸುಡಲೇಬೇಕು, ಬ್ರೇಕ್ ಕಾದು ಹಿಡಿತ ಬಿಡುತ್ತದೆ. ನಷ್ಟವೂ ಅಪಾಯವೂ ಅಲ್ಲೇ.

ಊರೊಳಗೆ ನಿಂತಲ್ಲೇ ನಿಂತ ಎಂಜಿನ್ ಎಸಿ ಹಾಕಿಕೊಂಡು ಗಂಟೆಗೆ ಮುಕ್ಕಾಲರಿಂದ ಒಂದು ಲೀಟರ್ ಕುಡಿಯುತ್ತದೆ. ಎಸಿ ಕಡುಬಿಸಿಲಲ್ಲಿ ಪೂರ್ತಿ ಓಡುವಾಗ, ಗಾಡಿ ನಿಂತಲ್ಲಿ ಎಂಜಿನ್ ತಾನಾಗಿ ಆರಿಸುವ ಸ್ಟಾರ್ಟ್-ಸ್ಟಾಪ್ ಅದನ್ನು ಆರಿಸುವುದಿಲ್ಲ. ಉಷ್ಣಾಂಶವನ್ನು 24-25ಕ್ಕೆ ಏರಿಸಿದರೆ ಆರಿಸುವ ಸಂಭವ ಹೆಚ್ಚು. ಎರಡು ಕಿ.ಮೀ. ಹಾಲು-ತರಕಾರಿ ಓಡಾಟದಲ್ಲಿ ಎಂಜಿನ್ ಬಿಸಿಯಾಗುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಅಂಥ ಟ್ಯಾಂಕ್‌ನಲ್ಲಿ 9 ಬಂದರೂ ಅದು ರಿಪೇರಿಯ ವಿಷಯವಲ್ಲ.

ರಿಪೇರಿಯ ವಿಷಯ ಹೆಚ್ಚಾಗಿ ಬ್ರೇಕ್. ಮಲೆನಾಡಿನ ಮಳೆಗಾಲ ಕಳೆದ ಮೇಲೆ ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್‌ನ ಸ್ಲೈಡ್ ಪಿನ್ ತುಕ್ಕು ಹಿಡಿದು ಪ್ಯಾಡ್ ಉಜ್ಜುತ್ತಲೇ ಇರುತ್ತದೆ. ಬ್ರೇಕ್ ಹೆಚ್ಚು ತುಳಿಯದೆ ಹತ್ತು ಕಿ.ಮೀ. ಓಡಿಸಿ, ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಒಂದೇ ಕಡೆ ಕಾವು ಹೆಚ್ಚಿದ್ದರೆ ಅದೇ ಕಳ್ಳ. ಪಿನ್ ಬಿಚ್ಚಿ ತೊಳೆದು, ಬ್ರೇಕ್‌ಗೆಂದೇ ಬರುವ ಗ್ರೀಸ್ ಹಚ್ಚಿಸಿ. ಏರ್ ಫಿಲ್ಟರ್ ಕೊಳೆಯಾದರೆ ಮೈಲೇಜ್ ಬೀಳುತ್ತದೆ ಎನ್ನುವುದು ಕಾರ್ಬ್ಯುರೇಟರ್ ಕಾಲದ ಮಾತು. ಇಂಜೆಕ್ಷನ್ ಗಾಡಿಯಲ್ಲಿ ಮೊದಲು ಕುಗ್ಗುವುದು ಎಂಜಿನ್ ಎಳೆಯುವ ಶಕ್ತಿ. ಎಂಜಿನ್ ಆಯಿಲ್ ಕೈಪಿಡಿಯಲ್ಲಿ ಬರೆದ ಗ್ರೇಡ್‌ನದೇ ಆಗಿರಲಿ, ಗಟ್ಟಿ ಆಯಿಲ್ ಒಳ್ಳೆಯದೆಂದು ಯಾರು ಹೇಳಿದರೂ ಕೇಳಬೇಡಿ. ಹಳ್ಳ ದಾಟಿ ಬಂದಿದ್ದರೆ ಹಿಂದಿನ ಡಿಫರೆನ್ಷಿಯಲ್ ಆಯಿಲ್ ಒಮ್ಮೆ ತೆಗೆಸಿ ನೋಡಿ. ಬಿಳಿಚಿಕೊಂಡಿದ್ದರೆ ನೀರು ಸೇರಿದೆ, ಅಂದೇ ಬದಲಿಸಿ.