ಇಂಗ್ಲೆಂಡಿಗೆ ಹೊರಟ ಕರಾವಳಿಯವರಿಗೆ: ಚಾರಿಟಿಯಲ್ಲಿ ಸ್ವಯಂಸೇವೆ ಮತ್ತು ಅಲ್ಲಿ ಸಿಗುವ ಹೊಣೆ

ಈ ಸಲ ರಜೆಯಲ್ಲಿ ಉಡುಪಿಗೆ ಬಂದಿದ್ದಾಗ, ಮಣಿಪಾಲದಲ್ಲಿ ಓದು ಮುಗಿಸಿ ಇಂಗ್ಲೆಂಡಿಗೆ ಹೊರಟ ಕೆಲವು ಯುವಕ ಯುವತಿಯರು ಕೇಳಿದ ಪ್ರಶ್ನೆಗಳೇ ಈ ಬರಹಕ್ಕೆ ಕಾರಣ. ಅಲ್ಲಿನ ಚಾರಿಟಿಗಳಲ್ಲಿ ನಮಗೆ ಜಾಗ ಇದೆಯೇ ಎಂಬುದು ಅವರ ಅಳುಕು. ಪರ್ಯಾಯದ ಹೊರೆಕಾಣಿಕೆಯಲ್ಲಿ ಮೂಟೆ ಇಳಿಸಿದವರಿಗೆ, ಊರ ದೇವಸ್ಥಾನದ ಬ್ರಹ್ಮಕಲಶೋತ್ಸವದಲ್ಲಿ ಪಂಕ್ತಿಗೆ ಸಾರು ಬಡಿಸಿದವರಿಗೆ ಆ ಕೆಲಸ ಹೊಸದಲ್ಲ. ಹೊಸದು ಅದರ ಕ್ರಮ ಮಾತ್ರ. ಊರಿನಲ್ಲಿ "ಬಾ ಮಾರಾಯ, ಆ ಬಕೆಟ್ ಹಿಡಿ" ಎಂದರೆ ಸಾಕು. ಅಲ್ಲಿ ಅರ್ಜಿ ತುಂಬಬೇಕು, ನಿಮ್ಮನ್ನು ಬಲ್ಲವರ ಹೆಸರು ಕೊಡಬೇಕು, ಮಕ್ಕಳ ಅಥವಾ ಅಶಕ್ತರ ಜೊತೆಗಿನ ಕೆಲಸವಾದರೆ ಡಿಬಿಎಸ್ ಎಂಬ ಹಿನ್ನೆಲೆ ತಪಾಸಣೆಗೂ ಒಪ್ಪಬೇಕಾಗಬಹುದು. ಇದನ್ನು ಅಪನಂಬಿಕೆ ಎಂದು ತಿಳಿದು ನೊಂದುಕೊಳ್ಳಬೇಡಿ, ಎಲ್ಲರಿಗೂ ಅದೇ ಕ್ರಮ.

ವಿದ್ಯಾರ್ಥಿ ವೀಸಾದವರು ಒಂದು ಭೇದವನ್ನು ಮೊದಲೇ ತಿಳಿದಿರಬೇಕು. ಪದವಿ ಮಟ್ಟದ ಕೋರ್ಸಿನವರಿಗೆ ತರಗತಿಗಳು ನಡೆಯುವ ಅವಧಿಯಲ್ಲಿ ಸಾಮಾನ್ಯವಾಗಿ ವಾರಕ್ಕೆ 20 ಗಂಟೆಯ ದುಡಿಮೆಯ ಮಿತಿ ಇದೆ. ಒಪ್ಪಂದವಿಲ್ಲದೆ ಮನಃಪೂರ್ವಕವಾಗಿ ಮಾಡುವ ಸೇವೆ ಅದಕ್ಕೆ ಸೇರುವುದಿಲ್ಲ. ಆದರೆ ಸಂಬಳದ ನೌಕರ ಮಾಡಬೇಕಾದ ಕೆಲಸವನ್ನು ಕರಾರಿನಂತೆ ಬಿಟ್ಟಿಯಾಗಿ ಮಾಡಿದರೆ ಅದೂ ದುಡಿಮೆಯ ಲೆಕ್ಕಕ್ಕೇ ಬರುತ್ತದೆ. ಸಂಶಯವಿದ್ದರೆ ವಿಶ್ವವಿದ್ಯಾಲಯದ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ.

ನಾನು ಸೇರಿದ್ದು ನಮ್ಮ ಬಡಾವಣೆಯ ಫುಡ್ ಬ್ಯಾಂಕಿಗೆ, ಅಂದರೆ ದಾನವಾಗಿ ಬಂದ ದಿನಸಿಯನ್ನು ಕಷ್ಟದಲ್ಲಿರುವ ಕುಟುಂಬಗಳಿಗೆ ಉಚಿತವಾಗಿ ಹಂಚುವ ಸಂಸ್ಥೆಗೆ. ಬಂದ ಪ್ರತಿಯೊಂದು ಕ್ರೇಟನ್ನೂ ತೂಕದ ಯಂತ್ರದ ಮೇಲಿಟ್ಟು ಕಿಲೋ ಬರೆದುಕೊಳ್ಳುವುದು, ಡಬ್ಬಿಯ ತಳದಲ್ಲಿ ಸಣ್ಣಕ್ಷರದಲ್ಲಿರುವ ದಿನಾಂಕವನ್ನು ಹುಡುಕಿ, ಅದರ ವರ್ಷವನ್ನು ಮೇಲ್ಗಡೆ ದಪ್ಪ ಮಾರ್ಕರಿನಿಂದ ಬರೆದು, ಬೇಗ ಮುಗಿಯುವುದನ್ನು ಕಪಾಟಿನ ಮುಂದಿನ ಸಾಲಿಗೆ ತರುವುದು: ಮೂರು ತಿಂಗಳು ನನ್ನ ಕೆಲಸ ಇಷ್ಟೇ ಆಗಿತ್ತು. ಆ ಮೇಲೆ ಸಂಯೋಜಕಿ ಆ ಮಾರ್ಕರನ್ನು ನನ್ನಿಂದ ತೆಗೆದುಕೊಂಡು ಹೊಸ ಹುಡುಗನ ಕೈಗೆ ಕೊಟ್ಟು, "ಇವನಿಗೆ ನೀವೇ ಕಲಿಸಿ" ಎಂದರು. ನಾಯಕತ್ವದ ತರಬೇತಿ ಅಲ್ಲಿ ಶುರುವಾದದ್ದು ಹಾಗೆ. ಅನಂತರ ಆಹಾರ ಶುಚಿತ್ವದ ತರಬೇತಿಯನ್ನು ಸಂಸ್ಥೆಯೇ ತನ್ನ ಖರ್ಚಿನಲ್ಲಿ ಕೊಡಿಸಿತು, ಒಂದು ಪಾಳಿಯ ಉಸ್ತುವಾರಿಯನ್ನು ನನಗೆ ವಹಿಸಿತು, ಕೊನೆಗೆ ಟ್ರಸ್ಟಿಗಳ ಸಭೆಯಲ್ಲಿ ವೀಕ್ಷಕನಾಗಿ ಕೂರಿಸಿತು.

ಸಂಸ್ಥೆಯವರು ಬಸ್ಸಿನ ಖರ್ಚು ಕೊಟ್ಟರೆ ಟಿಕೆಟ್ ತೋರಿಸಿ ತೆಗೆದುಕೊಳ್ಳಿ. ನಮ್ಮವರು ಸಂಕೋಚದಿಂದ ಬೇಡ ಎನ್ನುತ್ತಾರೆ. ಆದರೆ ಎಲ್ಲರೂ ಬೇಡ ಎಂದರೆ, ಆ ಹಣವಿಲ್ಲದೆ ಬರಲಾಗದವರು ಕೇಳಲು ನಾಚಿ ಹಿಂದೆ ಉಳಿಯುತ್ತಾರೆ.

ಟ್ರಸ್ಟಿ ಎಂದರೆ ನಮ್ಮ ದೇವಸ್ಥಾನದ ಮೊಕ್ತೇಸರರ ಸ್ಥಾನಕ್ಕೆ ಹತ್ತಿರದ್ದು: ಸಾಮಾನ್ಯವಾಗಿ ಸಂಬಳವಿಲ್ಲ, ಕಾನೂನಿನ ಹೊಣೆ ಮಾತ್ರ ಪೂರ್ತಿ. ಕರೆದರೆಂಬ ಗೌರವಕ್ಕೆ ಕೂಡಲೇ ಒಪ್ಪಬೇಡಿ. ಇಂಗ್ಲೆಂಡ್ ಮತ್ತು ವೇಲ್ಸಿನ ಚಾರಿಟಿ ಕಮಿಷನ್ನಿನ ನೋಂದಣಿ ಪುಸ್ತಕವನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಸಂಸ್ಥೆಯ ಆದಾಯ, ವೆಚ್ಚ, ಟ್ರಸ್ಟಿಗಳ ಹೆಸರು ಅಲ್ಲಿವೆ. ವರ್ಷದ ಲೆಕ್ಕ ತಡವಾಗಿ ಸಲ್ಲಿಸಿದ್ದರೆ ಅದೂ ಕಾಣುತ್ತದೆ, ಕಂಡರೆ ಕಾರಣ ಕೇಳಿ. 1928ರಲ್ಲಿ ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿಯನ್ನು ಮನೆಮನೆಯಿಂದ ಸಂಗ್ರಹಿಸಲು ಆರಂಭಿಸಿದ ಬ್ಯಾಂಕ್ ಹುಟ್ಟಿದ ಊರಿನವರು ನಾವು. ಸಣ್ಣ ಮೊತ್ತದ ಲೆಕ್ಕವನ್ನೂ ಚೊಕ್ಕವಾಗಿ ಇಡಬಲ್ಲವರು ಚಾರಿಟಿಗಳಿಗೆ ನಿಜವಾಗಿಯೂ ಬೇಕಾಗಿದ್ದಾರೆ.

ಒಂದು ವಿಷಯದಲ್ಲಿ ಮಾತ್ರ ನನ್ನ ಹಾಗೆ ಮಾಡಬೇಡಿ. ವಿತರಣೆಯನ್ನು ಹಗಲಿಗೆ ಬದಲಿಸುವ ಪ್ರಸ್ತಾಪ ಸಭೆಗೆ ಬಂದಾಗ, ಹಗಲು ಪಾಳಿಯಲ್ಲಿ ದುಡಿಯುವ ಕುಟುಂಬಗಳು ಬರಲಾರವು ಎಂದು ನನಗೆ ಗೊತ್ತಿತ್ತು. ಹಿರಿಯರ ಎದುರು ಹೇಗೆ ಆಡುವುದೆಂದು ಸುಮ್ಮನಿದ್ದೆ. ನಿರ್ಣಯವಾಯಿತು, ಆ ಕುಟುಂಬಗಳು ಬರುವುದು ನಿಂತಿತು, ಸಮಯವನ್ನು ಮತ್ತೆ ಸಂಜೆಗೆ ತರಲು ಎರಡು ತಿಂಗಳು ಹಿಡಿಯಿತು. ಅಂಥ ಸಭೆಯಲ್ಲಿ ನಿಮ್ಮ ಅಭಿಪ್ರಾಯ ಕೇಳಿದರೆ ಅದು ಉಪಚಾರಕ್ಕಲ್ಲ. ಇಂಗ್ಲಿಷ್ ತೊಡರಿದರೂ ಸರಿ, ಗೊತ್ತಿರುವುದನ್ನು ಹೇಳಿ, ಅದು ಸಭೆಯ ನಡಾವಳಿಯಲ್ಲಿ ದಾಖಲಾಗಿದೆಯೇ ಎಂದು ಮುಂದಿನ ಸಲ ನೋಡಿ.